ಬಾಗಿಲಲ್ಲಿ ನಿಂತವರೂ ಒಪ್ಪುವ ಮ್ಯೂಸ್ಲಿ

ನಾನು ಒಂದು ತಿಂಡಿಯ ಮೇಲೆ ಸಿಟ್ಟಾಗಿದ್ದೇನೆ. ಅನ್ನದ ಮೇಲೆ ಮುನಿಯಬಾರದೆಂಬ ಮಾತನ್ನು ನಾನೂ ಕೇಳಿ ಬೆಳೆದವಳೇ. ಆದರೆ ನಾನು ಕಲಿತದ್ದು ಪ್ರಶ್ನೆ ಕೇಳುವುದನ್ನೇ ಪಾಠವೆಂದು ನಂಬಿದ್ದ ಶಾಲೆಯಲ್ಲಿ. ಹಾಗಾಗಿ ಬಸ್ಸಿನ ಮೆಟ್ಟಿಲೇಕೆ ಮುದುಕಿಯರ ಮೊಣಕಾಲಿಗಿಂತ ಎತ್ತರ ಎಂಬಲ್ಲಿಂದ ಹಿಡಿದು, ಕಚೇರಿಗಳಲ್ಲಿ ಕುರ್ಚಿಗಳೆಲ್ಲ ಮೇಜಿನ ಒಳಬದಿಯಲ್ಲೇ ಏಕಿರುತ್ತವೆ ಎಂಬವರೆಗೆ ಕೇಳುತ್ತ ಬಂದಿದ್ದೇನೆ, ಧರಣಿ ಕೂತಿದ್ದೇನೆ. ಒಂದು ಬಟ್ಟಲು ಒಣ ಮ್ಯೂಸ್ಲಿಯ, ಅಂದರೆ ಹಲವು ಧಾನ್ಯಗಳ ಚಕ್ಕೆಯ, ಎದುರು ನನ್ನ ಕೋಪಗಳೆಲ್ಲ ಒಟ್ಟಿಗೆ ಸಭೆ ಸೇರುತ್ತವೆಂದು ಮಾತ್ರ ಎಣಿಸಿರಲಿಲ್ಲ.

ಅದು ನಮ್ಮ ಮನೆಗೆ ಬಂದದ್ದು ಅವ್ವನ ಸಕ್ಕರೆ ಕಾಯಿಲೆಯ ಬೆನ್ನಿಗೆ. ನಗರದ ಆಹಾರ ತಜ್ಞೆಯೊಬ್ಬರು ತಲೆಯೆತ್ತದೆಯೇ, "ಬೆಳಿಗ್ಗೆ ಮುದ್ದೆ ಬೇಡ, ಪ್ಲೇನ್ ಮ್ಯೂಸ್ಲಿ ತಿನ್ನಿ, ತಿಂದ ಮೇಲೆ ಮಾತ್ರೆ" ಎಂದುಬಿಟ್ಟರು. ಬಡವನಹಳ್ಳಿಯ ಹೆಂಗಸೊಬ್ಬಳು ಅದನ್ನು ಎಲ್ಲಿ ಕೊಳ್ಳಬೇಕು, ಹೇಗೆ ತಿನ್ನಬೇಕು ಎಂಬುದನ್ನು ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಮಧುಗಿರಿಯಲ್ಲಿ ಕೇಳಿದೆ, ಕೊರಟಗೆರೆಯಲ್ಲಿ ಕೇಳಿದೆ. ಕೊನೆಗೆ ಶಿರಾದ ಹೆದ್ದಾರಿ ಬದಿಯ ಅಂಗಡಿಯಲ್ಲಿ ಸಿಕ್ಕಿತು. ಪೊಟ್ಟಣದ ಮುಂದೆ ಹಿಮದ ಬೆಟ್ಟ. ಹಿಂದೆ ಸಣ್ಣಕ್ಷರದಲ್ಲಿ ಓಟ್ಸ್, ಗೋಧಿ, ಮತ್ತೆ ನಮ್ಮದೇ ರಾಗಿ! ಯಾವ ರಾಗಿಯನ್ನು ಮುದ್ದೆಯಾಗಿ ತಿನ್ನಬೇಡಿ ಎಂದರೋ ಅದೇ ರಾಗಿ ಚಕ್ಕೆಯಾಗಿ, ಹಿಮದ ಬೆಟ್ಟ ಹತ್ತಿಳಿದು, ದುಬಾರಿಯಾಗಿ ವಾಪಸು ಬಂದಿತ್ತು. ಬೆಳೆದವರಿಗೆ ತಮ್ಮ ಬೆಳೆಯ ಗುರುತೇ ಸಿಗದಂತೆ ಮಾಡುವುದನ್ನು ವ್ಯಾಪಾರ ಎನ್ನುತ್ತಾರೆ. ನಾನು ಅದಕ್ಕೆ ಬೇರೆ ಹೆಸರು ಇಟ್ಟಿದ್ದೇನೆ, ಇಲ್ಲಿ ಬರೆಯುವಂಥದ್ದಲ್ಲ.

ಸಿಟ್ಟು ಬಂದಾಗ ಓದುವುದು ನನ್ನ ಅಭ್ಯಾಸ. ಓದಿದರೆ, ಈ ತಿಂಡಿಯನ್ನು ಕಟ್ಟಿಕೊಟ್ಟವರು ಚಳಿದೇಶದ ಒಬ್ಬ ವೈದ್ಯರಂತೆ. ಅವರ ಬಟ್ಟಲಿನಲ್ಲಿ ಹೆಚ್ಚಿಗೆ ಇದ್ದದ್ದು ಹಸಿ ಸೇಬಿನ ತುರಿ. ನೆನೆಸಿದ ಓಟ್ಸ್ ಒಂದಿಷ್ಟೇ. ಮೇಲೆ ನಿಂಬೆರಸ, ಬಾದಾಮಿಯಂಥ ಬೀಜ. ರುಚಿ ಕೊಡುತ್ತಿದ್ದುದನ್ನೆಲ್ಲ ತೆಗೆದುಹಾಕಿ, ಗೋದಾಮಿನಲ್ಲಿ ಕೆಡದೆ ಕೂರುವುದನ್ನಷ್ಟೇ ಉಳಿಸಿಕೊಂಡು, ಅದಕ್ಕೆ ಆರೋಗ್ಯವೆಂದು ಹೆಸರಿಟ್ಟ ಜಾಣತನವನ್ನು ಏನೆನ್ನೋಣ! ರೋಗಿಗೆ ರುಚಿ ಬೇಡವೆಂದು ಯಾರು ತೀರ್ಮಾನಿಸಿದರು?

ಅಷ್ಟರಲ್ಲಿ ಅವ್ವ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ತಲೆ ಸುತ್ತಿ ಕುಸಿದಳು. ಬರಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದ್ದಳು. ಇನ್ನೊಮ್ಮೆ ಹೀಗಾದರೆ ಎದ್ದಾಳೆಂಬ ಭರವಸೆಯಿಲ್ಲವೆಂದು ನರ್ಸಮ್ಮ ಎಚ್ಚರಿಸಿ ಹೋದರು. ಹಾಗಾದರೆ ನಾನು ದಿನವೂ ಹಾಕಿಕೊಡುತ್ತಿದ್ದ ಬಟ್ಟಲು ಬಟ್ಟಲು ಮ್ಯೂಸ್ಲಿ ಎಲ್ಲಿ ಹೋಗುತ್ತಿತ್ತು? ಮರುದಿನ ಅಡುಗೆಮನೆಯಲ್ಲಿ ನಿಂತು ನೋಡಿದೆ.

ಅವ್ವ ಬಟ್ಟಲು ಹಿಡಿದು ಜಗಲಿಯಲ್ಲಿ ಕೂರುವ ಹೊತ್ತಿಗೆ ಸರಿಯಾಗಿ ಹಾಲು ಕೊಡುವ ಚಿಕ್ಕಣ್ಣ ಬಂದ.

"ಏನ್ ದೊಡ್ಡವ್ವ ಅದು, ಬೂಸಾನಾ?"

"ನನ್ ತಿಂಡಿ ಕಣ್ಲಾ. ಬಾ, ಒಸಿ ತಿನ್ನು."

"ಅಯ್ಯೋ ಬ್ಯಾಡ ಬುಡು! ನಮ್ ಟಗರಿಗೆ ಇಕ್ಕಿದ್ರೆ ಅದೂ ನನ್ನೇ ಗುಮ್ತೈತೆ."

ಅವನು ನಗುತ್ತ ಹೋದ. ಅವ್ವ ನಗಲಿಲ್ಲ, ಬಟ್ಟಲನ್ನು ಕೋಳಿಗಳ ಮುಂದೆ ಸುರಿದಳು. ನಾನು ಹಾರಿಬಿದ್ದೆ. ಆಹಾರದ ಹಕ್ಕಿನ ಬಗ್ಗೆ ಭಾಷಣ ಮಾಡುವ ನಾನು ಹೆತ್ತವಳನ್ನು ಅಂಗನವಾಡಿ ಮಗುವಿನಂತೆ ಗದರಿಸಿದೆ. ಅವಳು ತಣ್ಣಗೆ ಹೇಳಿದಳು: "ಬಾಗ್ಲಾಗೆ ನಿಂತೋರು ತೂ ಅಂದಿದ್ನ ನಾನೊಬ್ಳೇ ಹೆಂಗವ್ವ ತಿನ್ಲಿ? ಕಾಯ್ಲೆ ಬಂದಿರೋದು ನಂಗೆ, ನನ್ ಮಾನಕ್ಕಲ್ಲ."

ಓದುಗರೇ, ಇದು ನಮ್ಮ ಕಡೆಯ ಕಟ್ಟುಪಾಡು. ಬಾಗಿಲಿಗೆ ಬಂದವರನ್ನು ಕರೆಯದೆ ಬಾಯಿಗೆ ತುತ್ತಿಡುವಂತಿಲ್ಲ. ಬಂದವರು "ಈಗ್ತಾನೆ ಉಂಡು ಬಂದೆ" ಎಂದರೆ ಚಿಂತೆಯಿಲ್ಲ, ನೀವು ಉಣ್ಣಬಹುದು. ಆದರೆ ಅವರು ಹೇಸಿದರೆ, ಅದು ಊಟವಾಗಿ ಉಳಿಯುವುದಿಲ್ಲ. ಪೊಟ್ಟಣದ ಮೇಲೆ ನಾರಿನಂಶವನ್ನು ಗ್ರಾಂ ಲೆಕ್ಕದಲ್ಲಿ ಬರೆಯುವವರು ಇದನ್ನೆಲ್ಲಿ ಬರೆಯುತ್ತಾರೆ? ಹೆಂಗಸರು ಎಲ್ಲರಿಗೂ ಬಡಿಸಿ ಕೊನೆಗೆ ತಣ್ಣಗಾದದ್ದನ್ನು ತಿನ್ನಬೇಕೆಂಬ ಪದ್ಧತಿಯ ವಿರುದ್ಧ ನಾನು ಜೀವಮಾನವಿಡೀ ಕೂಗಿದ್ದೇನೆ, ಈಗಲೂ ಕೂಗುತ್ತೇನೆ. ಆದರೆ ಅವ್ವನಿಗೆ ಮೊದಲು ತಿನ್ನುವ ಹಕ್ಕನ್ನು ಕೊಡಿಸುವ ಭರದಲ್ಲಿ, ಕರೆದು ಕೊಡುವ ಅವಳ ಹಕ್ಕನ್ನು ಕಸಿದುಕೊಂಡವಳು ನಾನೇ ಎಂಬುದು ನನ್ನ ಸಿಟ್ಟಿಗೆ ಇನ್ನಷ್ಟು ಎಣ್ಣೆ ಸುರಿಯಿತು.

ಆದ್ದರಿಂದ ಸಮಸ್ಯೆ ಬದಲಾಯಿತು: ಮ್ಯೂಸ್ಲಿಯನ್ನು ಅವ್ವ ತಿನ್ನುವಂತೆ ಮಾಡುವುದಲ್ಲ, ಚಿಕ್ಕಣ್ಣ ತಿನ್ನುವಂತೆ ಮಾಡುವುದು! ಮೊದಲ ಯತ್ನದಲ್ಲಿ ಅವಲಕ್ಕಿಯ ಸಂಸ್ಕಾರ ನನ್ನನ್ನು ಕೆಡಿಸಿತು. ಚಕ್ಕೆ ಎಂದರೆ ತೊಳೆಯಬೇಕು, ಹಿಂಡಬೇಕು ಎಂದುಕೊಂಡು ತೊಳೆದು ಹಿಂಡಿದೆ. ಅಂಟಾಯಿತು. ಅವ್ವ ಬೆರಳಲ್ಲಿ ಮುಟ್ಟಿ ನೋಡಿ, "ಮಡಿಕ್ಕೋ, ನಿನ್ ಧರಣಿಗೆ ಪೋಸ್ಟರ್ ಅಂಟ್ಸೋಕಾಯ್ತದೆ" ಎಂದಳು.

ಎರಡನೆಯ ಸಲ ನೀರು ಮುಟ್ಟಿಸಲಿಲ್ಲ. ಚಕ್ಕೆಗಳ ನಡುವೆ ಇದ್ದ ಒಣದ್ರಾಕ್ಷಿಯನ್ನು ಆರಿಸಿ ತೆಗೆದೆ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಚಕ್ಕೆಗಳನ್ನು ಗರಿಗರಿಯಾಗಿ ಹುರಿದಿಟ್ಟೆ. ಸ್ವಲ್ಪ ಎಣ್ಣೆಗೆ ಸಾಸಿವೆ, ಪಾವಗಡದ ಕಡೆಯ ಕಡಲೆಬೀಜ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಕೈತುಂಬ ಕರಿಬೇವು, ಚಿಟಿಕೆ ಅರಿಸಿನ. ಪುರಿಗೆ ಒಗ್ಗರಣೆ ಹಾಕಿದಂತೆ ಕಲಸಿ, ಹುಚ್ಚೆಳ್ಳಿನ ಪುಡಿ ಉದುರಿಸಿ, ತಿನ್ನುವ ಗಳಿಗೆಯಲ್ಲಷ್ಟೇ ಹಸಿ ಈರುಳ್ಳಿ, ನಿಂಬೆರಸ. ಪಕ್ಕದಲ್ಲಿ ನೀರು ಮಜ್ಜಿಗೆ. ಸೌಟು ತಿರುಗಿಸುವಾಗಲೂ ನಾನು ಯಾರನ್ನೂ ಕ್ಷಮಿಸಿರಲಿಲ್ಲ. ಮೆಣಸಿನಕಾಯಿಯ ಲೆಕ್ಕದಲ್ಲಿ ಅದು ಕಾಣುತ್ತಿತ್ತು.

ಚಿಕ್ಕಣ್ಣ ಗೇಟಿನ ಹೊರಗೇ ಮೂಗರಳಿಸಿದ. "ಏನ್ ದೊಡ್ಡವ್ವ, ಘಮ್ ಅಂತೈತೆ?"

"ಒಸಿ ತಿನ್ನು ಬಾ," ಎಂದಳು ಅವ್ವ. ದನಿ ಸಣ್ಣಗಿತ್ತು. ಅಡುಗೆಮನೆಯಿಂದ ನಾನು ಇಣುಕಿದೆ.

ಅವನು ಹಾಲಿನ ಕ್ಯಾನು ಕೆಳಗಿಟ್ಟು ಕೈಯೊಡ್ಡಿದ. ಮುಕ್ಕಿದ. "ಖಾರ ಐತೆ," ಎಂದು ಮತ್ತೆ ಕೈಯೊಡ್ಡಿದ. ಮೂರನೆಯ ಸಲ ಅವ್ವನೇ ಬಟ್ಟಲು ಹಿಂದಕ್ಕೆಳೆದುಕೊಂಡಳು: "ಸಾಕು ಹೋಗ್ಲಾ, ನಾನು ತಿಂದು ಮಾತ್ರೆ ನುಂಗ್ಬೇಕು."

ತಜ್ಞೆಯನ್ನು ನಾನು ಬಿಡುವವಳಲ್ಲ. ಹಿಮದ ಬೆಟ್ಟದವರನ್ನೂ ಬಿಡುವುದಿಲ್ಲ. ಅವರಿಗೆ ಹೇಳಬೇಕಾದದ್ದನ್ನೆಲ್ಲ ಒಲೆಯ ಮುಂದೆ ಗಟ್ಟಿಯಾಗಿ ಹೇಳಿಕೊಳ್ಳುತ್ತ, ಬಾಣಲೆ ತಿಕ್ಕಿಟ್ಟು ಹೊರಬಂದೆ. ಮಾತ್ರೆ ಒಳಗೆ ಹೋಗಿತ್ತು. ಬಟ್ಟಲಿನ ತಳದಲ್ಲಿ ಒಂದು ಕರಿಬೇವಿನೆಲೆಯೂ ಉಳಿದಿರಲಿಲ್ಲ.

"ನಂಗೆ?" ಎಂದೆ.

"ನಿನ್ನ ಎಲ್ಡು ಸಲ ಕರುದ್ನಲ್ಲವ್ವ," ಎಂದಳು ಅವ್ವ, ಮಜ್ಜಿಗೆಯ ಲೋಟ ಕೆಳಗಿಡುತ್ತ. "ನೀನು ಯಾರ್ನೋ ಬೈಯ್ತಿದ್ದೆ."