ಕಡಲೆ ಹೊಲಕ್ಕೆ ಇಳಿದ ವಿಮಾನ

ನಮ್ಮ ಮಾವನವರಿಗೆ ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತವೆ, ಹೊಲದ ಸಾಲು ಮಾತ್ರ ಎಂದೂ ತಪ್ಪುವುದಿಲ್ಲ. ಯಮನೂರಿನ ದಾರಿಗೆ ಹತ್ತಿದ ನಮ್ಮ ಎರೆಹೊಲದಲ್ಲಿ ಯಾವ ಸಾಲಿನ ಬೀಜ ಹುಟ್ಟಿಲ್ಲ, ಯಾವುದನ್ನು ಹಂದಿ ಕೆದರಿದೆ ಎಂದು ಅವರು ಮನೆಯ ಕಟ್ಟೆಯ ಮೇಲೆ ಕೂತೇ ಹೇಳುತ್ತಾರೆ. ಇನ್ನೊಬ್ಬರು ಒಂದು ಸಾಲು ಆಚೀಚೆ ಹೇಳಿದರೆ ಊಟ ಬಿಟ್ಟೆದ್ದು ಜಗಳಕ್ಕೆ ನಿಲ್ಲುತ್ತಾರೆ. ಅಂಥವರ ಹೊಲಕ್ಕೇ ಒಂದು ದಿನ ವಿಮಾನ ಬಂದು ಇಳಿಯಿತು.

ಎಲ್ಲೋ ಸಮುದ್ರದ ಕಡೆ ಸೈಕ್ಲೋನ್ ಎದ್ದು ನಾಲ್ಕು ದಿನದಿಂದ ಮೋಡ ಕವಿದಿತ್ತು. ಆಗಾಗ ಜಿಟಿಜಿಟಿ ಹನಿ. ನಾನು ಮತ್ತು ಓಣಿಯ ಇಬ್ಬರು ಹೆಂಗಸರು ಕಡಲೆಯ ಕುಡಿ ಚೂಟಿ ಸೀರೆಯ ಉಡಿಗೆ ತುಂಬಿಕೊಳ್ಳುತ್ತಿದ್ದೆವು. ಕುಡಿ ಚೂಟಿದರೆ ಗಿಡ ಟಿಸಿಲೊಡೆಯುತ್ತದೆ, ಮನೆಗೆ ಪಲ್ಯವೂ ಆಗುತ್ತದೆ, ಊರಿನ ಸುದ್ದಿಯೂ ಮುಗಿಯುತ್ತದೆ. ಮೋಡದೊಳಗೆ ಒಂದು ಮೋಟಾರಿನ ಸದ್ದು ಬಹಳ ಹೊತ್ತಿನಿಂದ ಸುತ್ತುತ್ತಿತ್ತು. ನಾವು ಸುದ್ದಿಯ ಭರದಲ್ಲಿ ಗಮನಿಸಲಿಲ್ಲ. ಒಮ್ಮೆಲೇ ಒಂದು ಪುಟ್ಟ ಬಿಳಿ ವಿಮಾನ ಮೋಡದಿಂದ ಕೆಳಗೆ ಬಂದು ನಮ್ಮತ್ತಲೇ ಇಳಿಯತೊಡಗಿತು.

ಇಬ್ಬರು ಗೆಳತಿಯರು "ಯವ್ವಾ!" ಎಂದು ಚೀರುತ್ತ ಓಡಿದರು. ನಾನು ಓಡಲಿಲ್ಲ. ಧೈರ್ಯದಿಂದ ಕೂತೆ ಎಂದು ಊರಿಗೆಲ್ಲ ಹೇಳಿದ್ದೇನೆ, ಕಾರಣ ಬೇರೆಯೇ ಇತ್ತು. ಕಣ್ಣು ಮುಚ್ಚಿ ತಲೆ ತಗ್ಗಿಸಿದೆ. ಪಕ್ಕದಲ್ಲಿ ಗಾಳಿ ರಪ್ಪೆಂದು ಬಡಿಯಿತು, ಆಮೇಲೆ ಧಡ್ ಎಂದು ಸದ್ದಾಯಿತು. ಕಣ್ಣು ಬಿಟ್ಟಾಗ ವಿಮಾನ ಹೊಲದ ತಗ್ಗಿನ ರಾಡಿಯಲ್ಲಿ ಮೂಗು ಊರಿ, ಬಾಲ ಮೇಲೆತ್ತಿ ನಿಂತಿತ್ತು. ಬದುವಿನ ಮೇಲಿದ್ದ ಮಾವನವರು ಎಲ್ಲವನ್ನೂ ನೋಡಿದ್ದರು.

ಒಳಗಿದ್ದವಳು ಇಪ್ಪತ್ತರ ಹುಡುಗಿ. ವಿಮಾನ ನಡೆಸುವುದನ್ನು ಕಲಿಯುತ್ತಿದ್ದಳು, ಅಂದು ಒಬ್ಬಳೇ ಹಾರಿದ್ದಳು, ಮೋಡ ಕವಿದು ದಾರಿ ತಪ್ಪಿತ್ತು. ಎಡಗೈ ಊದಿತ್ತು. ಕೈಹಿಡಿದು ಇಳಿಸಿಕೊಂಡರೆ, ಮೈಸೂರು ಕಡೆಯ ಮೆತ್ತನೆಯ ಕನ್ನಡದಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಆಫೀಸರ್ ಬಂದು ನೋಡೋವರೆಗೂ ಇದನ್ನ ಯಾರೂ ಮುಟ್ಟಬೇಡಿ."

"ಮುಟ್ಟೂದಿಲ್ಲ, ನೀ ಮೊದಲು ದವಾಖಾನಿಗೆ ನಡಿಯವಾ," ಎಂದರು ಮಾವನವರು. ನಾನು ಅವಳನ್ನು ಕರೆದುಕೊಂಡು ನವಲಗುಂದಕ್ಕೆ ಹೋದೆ.

ಎರೆಮಣ್ಣಿನ ಊರಿನವರಿಗೆ ಒಂದು ಚಟವಿದೆ. ರಾಡಿಯಲ್ಲಿ ಏನೇ ಹುಗಿದರೂ ಎಳೆಯಬೇಕು. ಬಸ್ಸು, ಲಾರಿ, ಬೀಗರ ಕಾರು, ಏನಾದರೂ ಸರಿ. ಬಿಟ್ಟರೆ ಮಣ್ಣು ಆರಿ ಕಲ್ಲಾಗುತ್ತದೆ, ಆಮೇಲೆ ಹಾರೆಯಿಂದ ಬಿಡಿಸಬೇಕಾಗುತ್ತದೆ. ಹುಗಿದದ್ದನ್ನು ಹಾಗೆಯೇ ಬಿಟ್ಟು ಮನೆಗೆ ಹೋಗಿ ಉಂಡವನನ್ನು ಊರಲ್ಲಿ ಯಾರೂ ಮನುಷ್ಯ ಎನ್ನುವುದಿಲ್ಲ. ಸಂಜೆ ನಾವು ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಾಗ ವಿಮಾನ ಡಾಂಬರು ರಸ್ತೆಯ ಬಾಜೂಕ್ಕೆ, ಕರೆಂಟಿನ ತಂತಿಯ ಕೆಳಗೆ ನಿಂತಿತ್ತು. ಎರಡು ಜೋಡಿ ಎತ್ತು, ಇಪ್ಪತ್ತು ಮಂದಿ, ದಪ್ಪ ಹಗ್ಗ. ಪಂಪಿನ ಪೈಪು ಹಿಡಿದು ತೊಳೆದು ಬೆಳ್ಳಗೆ ಮಾಡಿದ್ದರು. ಮೂಗಿಗೆ ಮೂರೆಳೆ ವಿಭೂತಿ ಹಚ್ಚಿ ತೆಂಗಿನಕಾಯಿಯನ್ನೂ ಒಡೆದಿದ್ದರು.

"ಒಂದು ಗೀರು ಬಿದ್ದಿಲ್ಲ ನೋಡವಾ," ಎಂದರು ಮಾವನವರು, ಶಾಬಾಸ್‌ಗಿರಿಗೆ ಕಾಯುತ್ತ.

ಹುಡುಗಿ ರಸ್ತೆಯಲ್ಲೇ ಕೂತು ಅಳತೊಡಗಿದಳು. "ಮುಂದೆ ಯಾರೋ ಕೂತಿದ್ರು. ಅದಕ್ಕೇ ಎಡಕ್ಕೆ ತಿರುಗಿಸಿದೆ. ಚಕ್ರದ ಗುರುತು ಇದ್ದಿದ್ರೆ ನಂಬ್ತಿದ್ರು. ಈಗ ತಂತಿ ಕಡೆಗೆ ನುಗ್ಗಿಸಿದಳು ಅಂತಾರೆ. ನನ್ನ ಹಾರಾಟ ಇಲ್ಲಿಗೇ ಮುಗೀತು."

ಮುಂದೆ ಕೂತಿದ್ದವಳು ನಾನೇ ಎಂದು ನಾನು ಹೇಳುವಷ್ಟರಲ್ಲಿ, ಓಡಿಹೋಗಿದ್ದ ಇಬ್ಬರೂ ಅದು ತಾವೇ ಎಂದು ಊರಿಗೆಲ್ಲ ಹೇಳಿಯಾಗಿತ್ತು.

ಮರುದಿನ ಬೆಳಿಗ್ಗೆ ಇಬ್ಬರು ಅಧಿಕಾರಿಗಳು ಬಂದರು. ಅಷ್ಟರಲ್ಲಿ ಮುಟ್ಟಿದವರಿಗೆಲ್ಲ ಜೈಲು ಎಂದು ಯಾರೋ ಗುಲ್ಲೆಬ್ಬಿಸಿದ್ದರು. ಇಡೀ ಊರು ಒಂದೇ ಮಾತಿಗೆ ಬದ್ಧವಾಗಿತ್ತು, ಮಾವನವರೇ ಮುಂದಾಳು.

"ನಾವು ಮುಟ್ಟೇ ಇಲ್ರಿ ಸಾಹೇಬ್ರ. ತಾನ ಬಂದು ಇಲ್ಲೇ ನಿಂತೈತಿ."

"ವಿಭೂತಿ?" ಎಂದರು ಹಿರಿಯ ಅಧಿಕಾರಿ.

"ಬರೂವಾಗನ ಇತ್ರಿ."

ಅಧಿಕಾರಿ ನಗಲಿಲ್ಲ. ತಂತಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ಏನೋ ಬರೆದುಕೊಂಡರು. ಅವಳ ಮುಖ ಸುಣ್ಣವಾಯಿತು. ನನಗೆ ಮಾವನವರ ಮೇಲೆ ಮೈಯೆಲ್ಲ ಉರಿಯಿತು. ನನ್ನನ್ನು ಉಳಿಸಿದ ಕೂಸಿನ ಬಾಯಿಗೆ ಇವರು ಮಣ್ಣು ಹಾಕುತ್ತಿದ್ದರು. ಆದರೆ ನಾಲ್ಕು ಮಂದಿಯ ಮುಂದೆ ಸೊಸೆ ಮಾವನಿಗೆ ಎದುರು ಮಾತಾಡುವ ಹಾಗಿಲ್ಲ.

ಮಾತಾಡುವ ಹಾಗಿಲ್ಲ, ನಿಜ. ಕೂತುಕೊಳ್ಳಬಹುದಲ್ಲ! ಸೆರಗು ಸರಿಮಾಡಿಕೊಂಡು ಹೊಲಕ್ಕೆ ಇಳಿದೆ. ಎಲ್ಲರೂ ನೋಡುತ್ತಿರುವಾಗಲೇ ಬೇಕೆಂದೇ ತಪ್ಪು ಜಾಗ ಆರಿಸಿ, ಕುಡಿ ಚೂಟುವವಳಂತೆ ತಲೆ ಬಗ್ಗಿಸಿ ಕೂತೆ. "ವಿಮಾನ ಬಂದಾಗ ನಾನು ಕುಂತದ್ದು ಇಲ್ಲೇ ಅಲ್ರಿ, ಮಾವಾರ?" ಎಂದು ಬಹಳ ಮರ್ಯಾದೆಯಿಂದ ಕೇಳಿದೆ.

ಮಾವನವರು ತುಟಿ ಕಚ್ಚಿದರು. ಒಂದು ಗಳಿಗೆ ತಡೆದುಕೊಂಡರು. ನಾನು ಇನ್ನೆರಡು ಸಾಲು ದೂರ ಸರಿದು, "ಇಲ್ಲ, ಇಲ್ಲಿ ಅನ್ನಸ್ತೈತಿ," ಎಂದೆ.

"ಅಲ್ಲಲ್ಲಬೇ!" ಇಡೀ ಬಯಲಿಗೆ ಕೇಳುವಂತೆ ಅವರು ಒದರಿದರು. "ಬಲಕ್ಕ ಆರು ಸಾಲು ಬಾ! ಆ ಹುಟ್ಟಲಾರದ ಸಾಲಿನ ಬಾಜೂಕ! ಕಣ್ಣು ಕಾಣೂದಿಲ್ಲೇನು ನಿನಗ?"

ವಿಮಾನ ಹೊಲಕ್ಕೆ ಇಳಿದದ್ದನ್ನು ತಾವೇ ಒಪ್ಪಿದಂತಾಯಿತು ಎಂದು ಅಂದಮೇಲೆ ಅವರಿಗೇ ಗೊತ್ತಾಯಿತು. ಹಿರಿಯ ಅಧಿಕಾರಿ ಪೆನ್ನು ಮುಚ್ಚಿ, "ಬನ್ನಿ ಯಜಮಾನ್ರೇ, ತೋರಿಸಿ," ಎಂದರು.

ಮಾವನವರು ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡರು. ಹಿಂದೆಂದೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ ಅವರು. "ಎಳದವರು ನಾವರಿ. ಸುಳ್ಳು ಹೇಳಿದಾಂವ ನಾ," ಎಂದು ಹೊಲದೊಳಗೆ ನಡೆದರು. ಎತ್ತು ತುಳಿಯದ ಆಚೆಯ ಬದಿಯಲ್ಲಿ ಬಗ್ಗಿ ಎರಡು ಕೈಯಿಂದ ಗಿಡ ಸರಿಸಿದರು. ಅಲ್ಲಿ ಚಕ್ರಕ್ಕೆ ಸಿಕ್ಕಿ ಮಣ್ಣಿಗೆ ಅಂಟಿದ ಕಡಲೆ ಗಿಡಗಳ ಗೆರೆ ನೆಟ್ಟಗೆ ಹಿಂದಿನ ದಿನ ನಾನು ಕೂತಿದ್ದ ಜಾಗದತ್ತ ಬಂದು, ಹತ್ತು ಮಾರು ಇರುವಾಗ ಎಡಕ್ಕೆ ಹೊರಳಿ ತಗ್ಗಿಗೆ ಇಳಿದಿತ್ತು.

"ಇಲ್ಲಿ ನೆಲ ಮುಟ್ಟಿತ್ರಿ. ಇಲ್ಲಿ ಈ ಕೂಸು ಹೊಳ್ಳಿಸಿದಳು. ಆ ಇಬ್ಬರೂ ಓಡಿದ್ರು, ಇಕಿ ಏಳಲಿಲ್ಲ. ಉಡ್ಯಾನ ಪಲ್ಯ ಚೆಲ್ಲತೈತಿ ಅಂತ ಕುಂತಿದ್ಲರಿ. ಹೊಳ್ಳಿಸದಿದ್ರ..." ಎಂದರು. ರಸ್ತೆಯ ಮೇಲಿನ ಮಂದಿ ನನ್ನ ಧೈರ್ಯಕ್ಕೆ ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ಬಂತು, ನಗುತ್ತಲೇ ಹೋಗಿ ಹುಡುಗಿಯ ಪಕ್ಕ ನಿಂತೆ.

ಅಧಿಕಾರಿಗಳು ಟೇಪು ಹಿಡಿದು ಮಧ್ಯಾಹ್ನದವರೆಗೂ ಅಳೆದರು. ಮಾವನವರು ಅವರ ಅಳತೆಯನ್ನೂ ಎರಡು ಸಲ ತಿದ್ದಿದರು.

ಸಂಕ್ರಾಂತಿಯ ನಂತರ ಹುಡುಗಿಯ ಫೋನು ಬಂತು. ಮೋಡದೊಳಗೆ ಹೋದದ್ದಕ್ಕೆ ಬೈಸಿಕೊಂಡಿದ್ದಳಂತೆ, ಆದರೆ ಮತ್ತೆ ಹಾರಲು ಬಿಟ್ಟಿದ್ದರು. ನಮ್ಮನ್ನು ನೋಡಲು ಬರುತ್ತೇನೆ ಎಂದಳು. ಮಾವನವರು ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಬಾರವಾ, ಅವಶ್ಯ ಬಾ. ಆದ್ರ ಬಸ್ಸಿಗೆ ಬಾ. ನನಗ ಸೊಸಿ ಒಬ್ಬಾಕಿನ ಇದ್ದಾಳ."