ಸುವರ್ಣಾಳ ಡಾಕ್ಟರ್ ಓದು

ಮನೆಯಲ್ಲಿ ಮಟನ್ ಸಾರು ಮಾಡಿದ ದಿನ ನನ್ನ ಸೊಸೆ ಸುವರ್ಣಾಳ ಪಕ್ಕದಲ್ಲಿ ಊಟಕ್ಕೆ ಕೂರಲು ಎಲ್ಲರೂ ಅಂಜುತ್ತಿದ್ದರು. ಗಂಗಾಳದಿಂದ ಎಲುಬು ಎತ್ತಿ ಬೆಳಕಿಗೆ ಹಿಡಿದು, ಇದು ಮನುಷ್ಯನಿಗೆ ಎಲ್ಲಿರುತ್ತದೆ, ಇದರ ಹೆಸರೇನು ಎಂದು ಶುರುಮಾಡುತ್ತಿದ್ದಳು. ಒಮ್ಮೆ ಶಿರೂರಿನಿಂದ ಬಂದಿದ್ದ ನನ್ನ ತಮ್ಮ ಮಾಳಪ್ಪನ ಭುಜಕ್ಕೆ ಬೆರಳಿಟ್ಟು, "ಮಾಮಾ, ನೀವು ತಿನ್ನಾಕತ್ತಿದ್ದು ಇದಽ ನೋಡ್ರಿ" ಅಂದಳು. ಅವನು ಅರ್ಧಕ್ಕೇ ಕೈ ತೊಳೆದ.

"ಸುಮ್ನ ಉಣ್ಣ. ನೀ ಹೆಸರ ಹೇಳಿದ್ರ ಕುರಿ ಎದ್ದ ಬರತೈತೇನ?" ಎಂದು ಬೈದೆ.

"ಕುರಿ ಬರೂದಿಲ್ರಿ ಅತ್ತಿ, ಮಾರ್ಕ್ಸ್ ಬರತಾವು" ಎಂದು ಎಲುಬು ಚೀಪಿದಳು.

ಮಾರ್ಕ್ಸ್ ಅವಳಿಗೆ ಎಂದೂ ಸರಿಯಾಗಿ ಬಂದಿರಲಿಲ್ಲ. ಡಾಕ್ಟರ್ ಆಗುತ್ತೇನೆಂದು ಪಿಯುಸಿಗೆ ಸೈನ್ಸ್ ತೆಗೆದುಕೊಂಡು, ಫಿಸಿಕ್ಸಿನಲ್ಲಿ ಫೇಲಾಗಿ, ಮತ್ತೆ ಕಟ್ಟಿ, ಹೆಂಗೋ ದಾಟಿದವಳು. ಅಪ್ಪ ನರ್ಸಿಂಗಿಗೆ ಹಾಕಿದ. ನನ್ನ ಮಗ ಬೀರಪ್ಪನನ್ನು ಮದುವೆಯಾಗಿ ಗುಡೂರಿಗೆ ಬಂದ ಮೇಲೆ ದಿನಾ ಬಸ್ಸಿನಲ್ಲಿ ಇಳಕಲ್ಲಿನ ಒಂದು ದವಾಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಗಿಡ್ಡ ಹೆಂಗಸು, ಓಡಿದಂತೆ ನಡಿಗೆ, ಓಣಿಯ ತುದಿಗೂ ಕೇಳುವ ದನಿ. ಜಗಳಕ್ಕೆ ನಿಂತರೆ ನನ್ನ ಮಣಿಕಟ್ಟು ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದಳು. "ಬೈರಿ ಅತ್ತಿ, ಬೈರಿ. ಸಿಟ್ಟಿನ್ಯಾಗ ನಾಡಿ ಎಷ್ಟ ಓಡತೈತಿ ನೋಡ್ತೇನಿ." ಅಂಥವಳನ್ನು ಬೈಯುವುದಾದರೂ ಹೇಗೆ?

ಡಾಕ್ಟರ್ ಓದಿನ ಪರೀಕ್ಷೆಗೆ ಈಗ ಇಷ್ಟೇ ವಯಸ್ಸು ಎಂಬ ಕಟ್ಟಿಲ್ಲ ಎಂದು ದವಾಖಾನೆಯಲ್ಲಿ ಯಾರೋ ಹೇಳಿದರು. ಅವತ್ತಿನಿಂದ ಅವಳ ಒಳಗೆ ಏನೋ ಹೊಕ್ಕಿತು. ಅಷ್ಟು ಹೊತ್ತಿಗೆ ಅವಳ ತಲೆಯಲ್ಲಿ ಬಿಳಿ ಕೂದಲು ಬಂದಿದ್ದವು. ಹಳೆಯ ಪಿಯುಸಿ ಮಾರ್ಕ್ಸಿಗೆ ಸೀಟು ಕೊಡುವುದಿಲ್ಲವಂತೆ. ಅದಕ್ಕೆ ಓಪನ್ ಸ್ಕೂಲಿನಲ್ಲಿ ಹನ್ನೆರಡನೆಯದನ್ನೇ ಹೊಸದಾಗಿ ಬರೆದು ಪಾಸಾದಳು. ರೊಟ್ಟಿ ಬಡಿಯುವಾಗ ಫಿಸಿಕ್ಸ್, ಬಸ್ಸಿನಲ್ಲಿ ಫಿಸಿಕ್ಸ್. ಹಿಟ್ಟಿನ ಕೈಯಲ್ಲಿ ಹಾಳೆ ತಿರುವಿ ಪುಸ್ತಕಕ್ಕೂ ಜೋಳದ ವಾಸನೆ.

ನಡುವೆ ಒಬ್ಬ ಏಜೆಂಟ್ ಬಂದ. ಯಾವುದೋ ದೇಶದಲ್ಲಿ ಇಷ್ಟು ಕಷ್ಟವಿಲ್ಲ, ಹೊಲ ಮಾರಿದರೆ ಸೀಟು ತನ್ನ ಜವಾಬ್ದಾರಿ ಅಂದ. ಸುವರ್ಣಾ ಅವನಿಗೆ ಚಹಾ ಕೊಟ್ಟಳು. "ನಾ ಅಲ್ಲಿ ಹೋದ್ರ ನಮ್ಮತ್ತಿ ಜೋಡಿ ಜಗಳ ಮಾಡೂದು ನೀವೇನ್ರಿ?" ಎಂದು ಕೇಳಿ ಕಳಿಸಿದಳು.

ಪರೀಕ್ಷೆಯ ದಿನ ಬಾಗಲಕೋಟೆಗೆ ನಾನೇ ಜೊತೆಗೆ ಹೋದೆ. ಗೇಟಿನಲ್ಲಿ ಕಿವಿಯೋಲೆ, ಮೂಗುಬೊಟ್ಟು, ಬಳೆ ಎಲ್ಲ ತೆಗೆಸಿದರು. ಬಿಚ್ಚಿದ್ದನ್ನೆಲ್ಲ ನನ್ನ ಉಡಿಗೆ ಹಾಕಿದಳು. ಕಾವಲುಗಾರ ಅವಳನ್ನು ತಡೆದು, "ಯವ್ವಾ, ಪಾಲಕರು ಹೊರಗ ನಿಂದರ್ರಿ. ಮಗಳನ್ನ ಒಳಗ ಕಳಸ್ರಿ" ಅಂದ.

"ಮಗಳು ನಾನಽ ಅದೀನಿ. ಪಾಲಕರು ಇಕಾ ಇಲ್ಲಿ ನಿಂತಾರ" ಎಂದು ನನ್ನನ್ನು ತೋರಿಸಿದಳು. ಸುತ್ತ ನಿಂತ ಹುಡುಗಿಯರು ಕಿಸಕ್ಕನೆ ನಕ್ಕರು. ಅವಳೂ ನಕ್ಕು ಒಳಗೆ ಹೋದಳು. ನಾನು ಬಿಸಿಲಲ್ಲಿ ಬೇವಿನ ಗಿಡದ ಕೆಳಗೆ ಕೂತೆ.

ಪಾಸಾದಳು. ಆದರೆ ಸೀಟು ಸಿಗುವಷ್ಟು ಬರಲಿಲ್ಲ. ಆಯುರ್ವೇದಕ್ಕೆ ಸಿಗುತ್ತದೆ, ಸೇರಿಕೋ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. "ಇನ್ನೊಂದ ಸಲ ಬರೀತೇನ್ರಿ ಅತ್ತಿ. ಸ್ವಲ್ಪದರಾಗ ಹೋತು" ಅಂದಳು.

ಆ ಇನ್ನೊಂದು ಸಲ ಬರಲಿಲ್ಲ. ಮೊದಲು ಬಸ್ಸು ಹತ್ತುವಾಗ ಏದುಸಿರು ಬಂತು, ಆಮೇಲೆ ಕಾಲು ಬಾತವು. ಹೃದಯ ದೊಡ್ಡದಾಗಿದೆ, ಶಕ್ತಿ ಇಲ್ಲ ಎಂದರು ಡಾಕ್ಟರು. ಅವರು ಹೇಳುವ ಮೊದಲೇ ಅವಳಿಗೆ ಗೊತ್ತಿತ್ತು. ಮಂಚದ ಮೇಲೆ ಕೂತು ತನ್ನ ಕಾಲನ್ನು ತಾನೇ ಒತ್ತಿ, "ಹಿಂಗ ಕುಣಿ ಬೀಳತೈತಲ್ರಿ, ಇದನ್ನೂ ಪರೀಕ್ಷಾಕ್ಕ ಕೇಳ್ತಾರ" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುವಾಗ ಬಟ್ಟಲು ಸರಿಸಿ ಹೇಳಿದಳು. "ಅತ್ತಿ, ನನ್ನ ಮಣ್ಣು ಮಾಡಬ್ಯಾಡ್ರಿ. ಬಾಗಲಕೋಟಿ ಮೆಡಿಕಲ್ ಕಾಲೇಜಿಗೆ ಕೊಡ್ರಿ. ಹುಡುಗ್ರು ನೋಡಿ ಕಲೀತಾರ."

"ಹುಚ್ಚಿ, ನಿನ್ನ ಕೊಯ್ತಾರಽ."

"ಗೊತ್ತೈತ್ರಿ. ಎಂಟ್ರೆನ್ಸ್ ಬರೀದಽ ಒಳಗ ಬಿಡ್ತಾರ ನೋಡ್ರಿ!" ಎಂದು ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ನನ್ನ ಕೈ ಹಿಡಿದಳು. "ನಿಮ್ಮ ಮಗನ ಕೈಲಿ ಆಗೂದಿಲ್ಲ. ಅವರು ಅಳ್ತಾರ. ನೀವು ಗಟ್ಟಿ ಅದೀರಿ. ಹೂಂ ಅನ್ರಿ."

ನನಗೆ ಸಿಟ್ಟು ಬಂದಿತ್ತು. ಆದರೂ ಹೂಂ ಅಂದೆ. ಅವಳು ಗಂಜಿ ಪೂರ್ತಿ ಕುಡಿದಳು.

ನಮ್ಮದು ಬೀರಪ್ಪ ದೇವರ ಒಕ್ಕಲು. ಸತ್ತವರನ್ನು ಹೊಲದಲ್ಲಿ ಮಣ್ಣು ಮಾಡಿ, ಮೂರನೆಯ ದಿನ ಆ ಮಣ್ಣಿನ ಮೇಲೆ ಹಾಲುತುಪ್ಪ ಎರೆಯುತ್ತೇವೆ. ಸುವರ್ಣಾ ತೀರಿಕೊಂಡ ಬೆಳಿಗ್ಗೆ ಅಂಗಳ ತುಂಬ ಜನ. ಕಾಲೇಜಿಗೆ ಕೊಡುವ ಮಾತು ಕೇಳಿದ್ದೇ ಮಾಳಪ್ಪ ಎದ್ದು ನಿಂತ.

"ಅಕ್ಕಾ, ತಲಿ ಕೆಟ್ಟೈತೇನ ನಿನಗ? ಮೂರನೇ ದಿನ ಹಾಲ ಎಲ್ಲಿ ಎರೀತಿ?"

"ಎರದ್ರ ಅಕಿ ಕುಡೀತಾಳೇನ?" ಅಂದೆ. ಅವನು ಮುಖ ತಿರುಗಿಸಿದ. ಮಗನ ಕಡೆ ನೋಡಿದೆ. ಅವನು ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದ. "ನೀ ಹೂಂ ಅಂದಿದ್ದಿಯಲ್ಲ ಅವ್ವಾ" ಅಂದ, ಅಷ್ಟೇ.

ಕಾಲೇಜಿನವರು ಅವಳನ್ನು ಗಾಡಿಯಿಂದ ಮರ್ಯಾದೆಯಾಗೇ ಇಳಿಸಿಕೊಂಡರು. ಬಿಳಿ ಕೋಟಿನ ಒಬ್ಬ ಹೆಣ್ಣುಮಗಳು, ಅಲ್ಲಿ ಕಲಿಸುವವಳಂತೆ, ಹೆಸರು, ಊರು ಕೇಳಿದಳು. "ಇವರು ಏನ್ ಮಾಡ್ತಿದ್ರು?" ಅಂದಳು. ಮಗ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ಓದಾಕತ್ತಿದ್ಲ್ರಿ. ಡಾಕ್ಟರ್ ಓದು."

ಅವಳು ನನ್ನ ಮುಖ ನೋಡಿದಳು. ಹಾಗೇ ಬರೆದುಕೊಂಡಳು. ಬಾಗಿಲು ಹಾಕಿಕೊಂಡಿತು. ನಾವು ಬಸ್ಸು ಹಿಡಿದು ಗುಡೂರಿಗೆ ಬಂದೆವು.

ಮೂರನೆಯ ದಿನ ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ, ತುಪ್ಪ ಕರಗಿಸಿದೆ. ಕೈ ತಾನೇ ಮಾಡಿತು. ಸೆರಗು ಹೊದ್ದು ಹೊರಟಾಗ ಮಗ ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಗೆ ಅವ್ವಾ?"

ಎಲ್ಲಿಗೆಂದು ಹೇಳಲಿ? ಒಳಗೆ ಬಂದು ಹಾಲಿಗೆ ಹೆಪ್ಪು ಹಾಕಿದೆ. ಸಂಜೆಗೆ ಮೊಸರು ಗಟ್ಟಿಯಾಗಿ ಕೂತಿತ್ತು. ನಾವಿಬ್ಬರೂ ಅದನ್ನು ಮುಟ್ಟದೆ ಬರೀ ರೊಟ್ಟಿ ಉಂಡೆವು.