ಹುಣಸೆ ಕುಟ್ಟುವ ಸದ್ದು ನಿಂತಾಗ

ಹೊಸ ಹುಣಸೆಹಣ್ಣಿನ ಹುಳಿವಾಸನೆ ಮೂಗಿಗೆ ಬಡಿದರೆ ಸಾಕು, ಶಿರಾಳಕೊಪ್ಪದ ಆ ಪಡಸಾಲೆ ಎದುರಿಗೆ ಬಂದು ಕೂರುತ್ತದೆ. ಬಾಗಿಲ ಬೆಳಕಿನಲ್ಲಿ ಅಜ್ಜಿ, ಅವಳ ಮುಂದೆ ಮೊರ, ಕೈಯಲ್ಲಿ ಗುಂಡುಕಲ್ಲು. ಕಂಬಕ್ಕೊರಗಿದ ಸೋದರಮಾವ, ಕಿವಿಯ ಮೇಲೊಂದು ಪೆನ್ಸಿಲ್ಲು. ನಡುವೆ ಬೀಜ ಗುಡ್ಡೆ ಹಾಕುತ್ತ ನಾನು. ಮಾವ ಸೊರಬದ ಹವ್ಯಾಸಿ ತಂಡಕ್ಕೆ ನಾಟಕ ಬರೆಯುತ್ತಿದ್ದವನು. ಅದನ್ನು ನೋಡಿದ ನಿರ್ದೇಶಕರೊಬ್ಬರು ದಪ್ಪನೆಯ ಕಾದಂಬರಿಯೊಂದನ್ನು ಕೊಟ್ಟು, ಸಿನಿಮಾಕ್ಕೆ ಬರೆದುಕೊಡಿ ಎಂದಿದ್ದರು. ಅಷ್ಟು ಪುಟಗಳಲ್ಲಿ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು? ಮಾವ ಕಂಡುಕೊಂಡ ಉಪಾಯವನ್ನು ನೀವು ಬೇರೆಲ್ಲೂ ಕೇಳಿರಲಾರಿರಿ. ಅಜ್ಜಿಗೆ ಓದು ಬಾರದು. ಅವನು ಗಟ್ಟಿಯಾಗಿ ಓದುವನು, ಅವಳು ಹಣ್ಣು ಕುಟ್ಟಿ ಬೀಜ ಬಿಡಿಸುವಳು. ಕಥೆ ಹಿಡಿದುಕೊಂಡಲ್ಲಿ ಅವಳ ಕಲ್ಲು ಎತ್ತಿದಲ್ಲೇ ನಿಂತುಬಿಡುತ್ತಿತ್ತು. ಆ ಪುಟಕ್ಕೆ ಗುರುತು. ಟಕ್ ಟಕ್ ಸದ್ದು ಸಾಗುತ್ತಲೇ ಇದ್ದರೆ ಅಡ್ಡಗೀಟು.

“ಸಿನಿಮಾ ಬರಿಯೋನು ನೀನು. ಹಣ್ಣು ಕುಟ್ಟೋಳನ್ನ ಕೇಳಿ ಬರೀತೀಯಲ್ಲೋ!” ಎಂದು ಅಜ್ಜಿ ಛೇಡಿಸಿದರೆ, “ನೀ ಸುಮ್ನೆ ಕುಟ್ಟವ್ವಾ. ನಾ ಕೇಳ್ತಿರೋದು ನಿನ್ನನ್ನಲ್ಲ, ನಿನ್ನ ಕಲ್ಲನ್ನ” ಎನ್ನುವನು.

ಒಂದು ದಿನ ಕಾದಂಬರಿಯಲ್ಲಿ, ತಾಯಿ ಸತ್ತ ಮೇಲೆ ಮಗಳೊಬ್ಬಳು ಅವಳ ಸೀರೆಗಳನ್ನು ಒಂದೊಂದಾಗಿ ಮಡಿಸಿಡುವ ನಾಲ್ಕು ಪುಟ ಬಂದವು. ಅಜ್ಜಿ ಕಲ್ಲು ಕೆಳಗಿಟ್ಟು ಎದ್ದು ಒಳಗೆ ಹೋದಳು. ಮಾವನಿಗೆ ಬಹಳ ಹಿಡಿಸಿದ್ದ ಪುಟಗಳೇ ಅವು. ಸ್ವಲ್ಪ ಹೊತ್ತು ಕಾದ, ನಿಟ್ಟುಸಿರು ಬಿಟ್ಟು ನಾಲ್ಕಕ್ಕೂ ಗೀಟೆಳೆದ. ಅಜ್ಜಿ ಮುಖ ತೊಳೆದುಕೊಂಡು ಬಂದಳು. ಯಾಕಜ್ಜೀ ಎಂದು ಕೇಳಿದೆ. ಸೆಕೆ ಎಂದಳು.

ಸಿನಿಮಾ ಶಿಕಾರಿಪುರದ ಟಾಕೀಸಿಗೆ ಬಂತು. ಮೂವರೂ ನೋಡಿಕೊಂಡು ಬಸ್ಸು ಹತ್ತಿದೆವು. ದಾರಿಯಲ್ಲಿ ಅಜ್ಜಿ ಕೇಳಿದಳು: “ಅಲ್ಲೋ, ಆ ಸೀರೆ ಮಡಿಸೋ ಹುಡುಗಿ ಎಲ್ಲೋದ್ಲು?”

“ತೆಗೆದೆ ಅವ್ವಾ. ಓದುವಾಗ ನೀನು ಎದ್ದು ಹೋದ್ಯಲ್ಲ, ಬ್ಯಾಸರಾತು ಅಂದ್ಕೊಂಡೆ.”

“ಬ್ಯಾಸರಲ್ಲೋ ದಡ್ಡಾ. ಬೆಳೆದ ಮಗನ ಮುಂದೆ ಅಳಾಕೆ ನಾಚಿಕಿ ಆತು. ಒಳಗೆ ಹೋಗಿ ಅತ್ತು ಬಂದೆ.”

ತೆರೆಯ ಮೇಲೆ ಬಂದುಬಿಟ್ಟ ಸಿನಿಮಾಕ್ಕೆ ಆ ನಾಲ್ಕು ಪುಟಗಳನ್ನು ಇನ್ನು ಯಾರು ಸೇರಿಸಿಯಾರು? ಆಮೇಲೆ ಮಾವ ಎಷ್ಟೋ ಕಾದಂಬರಿಗಳನ್ನು ಆ ಪಡಸಾಲೆಯಲ್ಲೇ ಓದಿದ. ಅಜ್ಜಿ ಎದ್ದು ಹೋದ ಪುಟಕ್ಕೆ ಎರಡು ಗುರುತು ಹಾಕುತ್ತಿದ್ದ. ಈಗ ಅಜ್ಜಿಯೂ ಇಲ್ಲ, ಆ ಪಡಸಾಲೆಯೂ ಇಲ್ಲ.

ಹೋದ ವರ್ಷ ಮಾವ ಬರೆದ ಹೊಸ ಸಿನಿಮಾ ಟಿವಿಯಲ್ಲಿ ಬಂತು. ಅದರಲ್ಲಿ ಮಗ ಏನನ್ನೋ ಓದುತ್ತಿರುತ್ತಾನೆ, ಮುದುಕಿಯೊಬ್ಬಳು ಕಲ್ಲು ಕೆಳಗಿಟ್ಟು ಎದ್ದು ಒಳಗೆ ಹೋಗುತ್ತಾಳೆ. ಮಾತಿಲ್ಲ. ಅರ್ಧ ಕುಟ್ಟಿದ ಹುಣಸೆಹಣ್ಣು ಮಾತ್ರ ಬಹಳ ಹೊತ್ತು ಕಾಣಿಸುತ್ತದೆ. ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು. ನಾನು ಎದ್ದು ಅಡುಗೆಮನೆಗೆ ಹೋದೆ.